ಇಳಿದ ಜಾಗ

ಆಕಾಶದಿಂದ ಇಳಿದವನು ಮೊದಲು ಕೇಳಿದ್ದು ಟೆಲಿಫೋನ್. ಉಸ್ತೀನ್ಯಾ ಅವನಿಗೆ ಕೊಟ್ಟಿದ್ದು ಹಾಲು. 'ಹೊಸ ದಾರಿ' ಎಂಬ ಆ ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ ಟೆಲಿಫೋನ್ ಇರಲಿಲ್ಲ. ದಾರಿಯೂ ಇರಲಿಲ್ಲ, ಹೆಸರು ಮಾತ್ರ ಇತ್ತು.

ಆಗಸ್ಟ್ ತಿಂಗಳ ಮಟಮಟ ಮಧ್ಯಾಹ್ನ. ಕೇಸರಿ ಬಣ್ಣದ ಉಡುಪಿನವನೊಬ್ಬ ಪ್ಯಾರಾಶೂಟಿನಲ್ಲಿ ತೂಗಾಡುತ್ತ ಬಂದು ಕರುಗಳ ಹುಲ್ಲುಗಾವಲಿನಲ್ಲಿ ದೊಪ್ಪನೆ ಬಿದ್ದ. ಕರುಗಳು ದಿಕ್ಕಾಪಾಲಾಗಿ ಓಡಿದವು. ಉಸ್ತೀನ್ಯಾ ಓಡಲಿಲ್ಲ, ಕೋಲೆತ್ತಿ ನಿಂತಳು.

"ಎಲ್ಲಿಂದ ಬಿದ್ದೆಯೋ?"

"ಬಾಹ್ಯಾಕಾಶದಿಂದ, ಅಮ್ಮಾ."

"ಅದು ಯಾವ ಜಿಲ್ಲೆಗೆ ಸೇರುತ್ತೆ?"

ಅವನು ನಕ್ಕ. ಮೂರು ಲೋಟ ಹಾಲು ಕುಡಿದು, ಬಾಯೊರೆಸಿಕೊಂಡು, ಅವಳ ಹೆಸರು ಕೇಳಿದ. ಅಷ್ಟರಲ್ಲಿ ಸೈನಿಕರ ಹೆಲಿಕಾಪ್ಟರ್ ಬಂದು ಅವನನ್ನು ಎತ್ತಿಕೊಂಡು ಹೋಯಿತು. ಹಳ್ಳಿಯ ಅಧ್ಯಕ್ಷ ಯೆಫೀಮ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದು, ಅದೆಬ್ಬಿಸಿದ ಧೂಳಿಗೆ ಸಲಾಮು ಹೊಡೆದ.

ವ್ಯೋಮಯಾತ್ರಿ ಕೂತು ಬಂದಿದ್ದ ದೊಡ್ಡ ಕಬ್ಬಿಣದ ಗುಂಡು ಇಲ್ಲಿ ಬಿದ್ದಿರಲಿಲ್ಲ. ಏಳು ಕಿಲೋಮೀಟರ್ ಎತ್ತರದಲ್ಲೇ ಅವನು ಅದರಿಂದ ಹೊರಕ್ಕೆ ಚಿಮ್ಮಿದ್ದ. ಗುಂಡು ತನ್ನ ಪಾಡಿಗೆ ತಾನು ಹಳ್ಳದಾಚೆ, ನಾಲ್ಕು ಕಿಲೋಮೀಟರ್ ದೂರದ 'ಕೆಂಪು ಕಿರಣ' ಹಳ್ಳಿಯ ಆಲೂಗಡ್ಡೆ ಹೊಲದಲ್ಲಿ ಗುಂಡಿ ತೋಡಿಕೊಂಡು ಕೂತಿತ್ತು.

ಮೂರನೇ ದಿನ ಜಿಲ್ಲಾ ಸಮಿತಿ ಘೋಷಿಸಿತು: ಜಿಲ್ಲಾ ಕೇಂದ್ರದಿಂದ ವೀರ ಇಳಿದ ಜಾಗಕ್ಕೆ ಅಕ್ಟೋಬರ್ ಮುಗಿಯುವುದರೊಳಗೆ ಟಾರು ರಸ್ತೆ.

ಹೊಸ ದಾರಿಯವರು ಬೀದಿಯಲ್ಲಿ ಕುಣಿದರು. ಶರತ್ಕಾಲದ ಮಳೆ ಹಿಡಿಯಿತೆಂದರೆ ಅಲ್ಲಿನ ಕಪ್ಪು ಮಣ್ಣು ಟ್ರ್ಯಾಕ್ಟರನ್ನೂ ನುಂಗುತ್ತದೆ. ಎರಡು ವರ್ಷದ ಹಿಂದೆ ಉಸ್ತೀನ್ಯಾಳ ಗಂಡ ಹೊಟ್ಟೆನೋವೆಂದು ಗಾಡಿಯಲ್ಲಿ ಹೊರಟವನು, ಹೂತುಕೊಂಡ ಗಾಡಿಯಲ್ಲೇ ಕುದುರೆಗೆ ಬೈಯುತ್ತ ಬೈಯುತ್ತ ಸತ್ತಿದ್ದ. ಅವಳ ಮನೆಯ ಹೊಗೆಕೊಳವೆ ಅಲ್ಲಿಂದ ಕಾಣುತ್ತಿತ್ತು. ಈಗ ಅವಳದೇ ಪಿತ್ತಕೋಶದಲ್ಲಿ ಕಲ್ಲಿತ್ತು. "ಬಂದು ತೆಗೆಸಿಕೋ. ಇನ್ನೊಂದ್ಸಲ ನೋವು ಬಂದ್ರೆ ಎರಡು ಗಂಟೆಯೊಳಗೆ ಇಲ್ಲಿರಬೇಕು" ಎಂದು ಜಿಲ್ಲಾ ಆಸ್ಪತ್ರೆಯ ವೈದ್ಯೆ ಹೇಳಿದ್ದಳು. ಕರುಗಳನ್ನು ಬಿಟ್ಟುಹೋಗಲಾಗದೆ ಉಸ್ತೀನ್ಯಾ ಮುಂದೂಡುತ್ತ ಬಂದಿದ್ದಳು. ಆಸ್ಪತ್ರೆ ಹದಿನೇಳು ಕಿಲೋಮೀಟರ್. ಅಕ್ಟೋಬರಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದಾಗಿದ್ದದ್ದು ಸ್ಮಶಾನ ಒಂದನ್ನೇ. ಅದು ಊರ ಪಕ್ಕದಲ್ಲಿತ್ತು.

ಆ ವಾರವೇ ಮಾಸ್ಕೋದಿಂದ ಜಾರಿಕೊವ್ ಬಂದ. ದಾಖಲೆಗಳನ್ನು ದೃಢೀಕರಿಸುವ ಅಧಿಕಾರಿ. ಟೈಪು ಮಾಡಿದ ಹೇಳಿಕೆಯನ್ನು ಮೇಜಿನ ಮೇಲಿಟ್ಟು ಪೆನ್ನು ಚಾಚಿದ.

"ರುಜು ಹಾಕಿ, ಉಸ್ತೀನ್ಯಾ ಸವೆಲ್ಯೆವ್ನಾ. 'ವ್ಯೋಮಯಾತ್ರಿ ಗುಂಡಿನೊಳಗೆ ಕೂತು ಇಳಿದು, ಬಾಗಿಲು ತೆಗೆದು ಹೊರಬಂದಿದ್ದನ್ನು ಕಣ್ಣಾರೆ ಕಂಡೆ.'"

"ಗುಂಡನ್ನೇ ನೋಡಿಲ್ಲ ನಾನು. ಅವನು ಕೊಡೆ ಹಿಡ್ಕೊಂಡು ಬಂದ."

"ಕೊಡೆ ಇರಲಿಲ್ಲ." ಜಾರಿಕೊವ್ ತಾಳ್ಮೆಯಿಂದ ಹೇಳಿದ. "ನೋಡಿ, ವಿಶ್ವದಾಖಲೆ ಬರೆಯೋರು ಪ್ಯಾರಿಸ್ಸಿನಲ್ಲಿ ಕೂತಿದಾರೆ. ಹತ್ತಿದ ಯಂತ್ರದಲ್ಲೇ ಇಳೀಬೇಕು ಅನ್ನೋದು ಅವರ ನಿಯಮ. ಕುದುರೆ ಒಂದು ಕಡೆ, ಸವಾರ ಇನ್ನೊಂದು ಕಡೆ ಗುರಿ ಮುಟ್ಟಿದ್ರೆ ಬಹುಮಾನ ಕೊಡ್ತಾರಾ?"

"ಹಾಗಾದ್ರೆ ನನ್ನ ಮೂರು ಲೋಟ ಹಾಲು ಯಾರು ಕುಡಿದ್ರು?"

"ಅವರೇ. ಆಲೂಗಡ್ಡೆ ಹೊಲದಲ್ಲಿ. ನೀವು ಕರು ಮೇಯಿಸ್ತಾ ಅಲ್ಲಿಗೆ ಹೋಗಿದ್ರಿ."

ಉಸ್ತೀನ್ಯಾ ಎದ್ದು ನಿಂತಳು. "ಮೂವತ್ತು ವರ್ಷದಲ್ಲಿ ನನ್ನ ಒಂದು ಕರು ಇನ್ನೊಬ್ಬರ ಹೊಲಕ್ಕೆ ಬಾಯಿ ಹಾಕಿಲ್ಲ!"

"ಮಾತಾಡೋಕಾದ್ರೂ ಬಿಡು ಅವರನ್ನ" ಎಂದು ಯೆಫೀಮ್ ಮೂಲೆಯಿಂದ ಪಿಸುಗುಟ್ಟಿದ. "ನಮ್ಮ ನೂರು ಜನ ರುಜು ಹಾಕಿ ಆಯ್ತು. ನೀನೊಬ್ಬಳೇ ಬಾಕಿ."

"ನೀನೂ ಹಾಕಿದ್ಯಾ?"

"ನಾನು ಕಂಡಿದ್ದು ಹೆಲಿಕಾಪ್ಟರ್ ಬಾಲ. ಅದರ ಬಗ್ಗೆ ಕಾಗದದಲ್ಲಿ ಏನೂ ಇಲ್ಲ."

ನೂರು ರುಜುವಿಗಿಂತ ಹೆಚ್ಚಾಗಿ ಅವಳ ಒಂದು ರುಜು ಬೇಕಾಗಿತ್ತು. ವ್ಯೋಮಯಾತ್ರಿ ರೇಡಿಯೋದಲ್ಲಿ ಬರೆದುಕೊಟ್ಟಿದ್ದನ್ನೆಲ್ಲ ಒಪ್ಪಿಸಿದ ಮೇಲೆ, ತನಗೆ ಹಾಲು ಕೊಟ್ಟ ಉಸ್ತೀನ್ಯಾಮ್ಮನಿಗೆ ನಮಸ್ಕಾರ ಎಂದು ತಾನಾಗಿ ಸೇರಿಸಿಬಿಟ್ಟಿದ್ದ. ಇಡೀ ಜಗತ್ತಿಗೆ ಸಾಕ್ಷಿಯ ಹೆಸರು ಗೊತ್ತಾಗಿಹೋಗಿತ್ತು.

ಜಾರಿಕೊವ್ ನಾಲ್ಕು ಸಲ ಬಂದ. ಮೊದಲು ಚಾಕೊಲೇಟು ತಂದ, ಆಮೇಲೆ ಪದಕದ ಆಸೆ ತೋರಿಸಿದ, ಆಮೇಲೆ ಗದರಿದ. ನಾಲ್ಕನೇ ಸಲ ಸುಮ್ಮನೆ ಕೂತು ಚಹಾ ಕುಡಿದ. ಆಗ ಉಸ್ತೀನ್ಯಾ ಕೇಳಿದಳು:

"ರಸ್ತೆ ಎಲ್ಲಿಗೆ ಬರುತ್ತೆ?"

"ಇಳಿದ ಜಾಗಕ್ಕೆ."

"ಅಂದ್ರೆ ಅವರ ಹೊಲಕ್ಕೆ. ನೋಡಪ್ಪಾ, ಅವನು ಗುಂಡಿನಲ್ಲಿ ಬಂದ ಅಂತ ಬರ್ಕೋ, ಚಹಾ ಕಾಯಿಸೋ ಸಮೋವಾರ್‌ನಲ್ಲಿ ಕೂತು ಬಂದ ಅಂತ ಬೇಕಾದ್ರೂ ಬರ್ಕೋ. ನಂದೇನೂ ಹೋಗಲ್ಲ. ಆದ್ರೆ ರಸ್ತೆ ಇಲ್ಲಿಗೆ ಬರಬೇಕು. ರಸ್ತೆ ಎಲ್ಲಿಗೆ ಬರುತ್ತೋ ಅವನು ಅಲ್ಲೇ ಇಳಿದ."

ಜಾರಿಕೊವ್ ಲೋಟ ಕೆಳಗಿಟ್ಟ. ಇಷ್ಟು ಸ್ಪಷ್ಟವಾದ ತತ್ವವನ್ನು ಅವನು ಮಾಸ್ಕೋದಲ್ಲೂ ಕೇಳಿರಲಿಲ್ಲ. ತೊಡಕು ಒಂದೇ. ಕೆಂಪು ಕಿರಣದ ಅಧ್ಯಕ್ಷ ಜಿಲ್ಲಾ ಕಾರ್ಯದರ್ಶಿಯ ಭಾವಮೈದ, ಅವನೂ ರಸ್ತೆಗಾಗಿ ಬಾಯಿ ಬಿಟ್ಟುಕೊಂಡಿದ್ದ. ಜಾರಿಕೊವ್ ನಕ್ಷೆ ಬಿಚ್ಚಿ, ಗುಂಡು ಬಿದ್ದ ಕಡೆಯಿಂದ ಹುಲ್ಲುಗಾವಲಿಗೆ ಗೆರೆ ಎಳೆದು, ಸರಿಯಾಗಿ ನಡುವೆ ಚುಕ್ಕಿ ಇಟ್ಟ.

"ಇಲ್ಲಿ ಇಳಿದ್ರು. ಎರಡೂ ಊರಿಗೆ ಎರಡೆರಡು ಕಿಲೋಮೀಟರ್. ಯಾರಿಗೂ ಅನ್ಯಾಯ ಇಲ್ಲ."

"ಅಲ್ಲಿ ಕಪ್ಪೆ ಬಿಟ್ರೆ ಯಾರೂ ಇಲ್ಲ."

"ಕಪ್ಪೆಗಳ ರುಜು ಬೇಕಾಗಿಲ್ಲ."

ಹದಿನೇಳರಲ್ಲಿ ಹದಿನೈದು ಬಂದರೆ ಉಳಿದ ಎರಡನ್ನು ಆಮೇಲೆ ಕಿತ್ತುಕೊಳ್ಳಬಹುದು ಎಂದುಕೊಂಡು ಉಸ್ತೀನ್ಯಾ ರುಜು ಹಾಕಿದಳು.

ಮಾತಿಗೆ ತಪ್ಪದೆ ಅಕ್ಟೋಬರ್ ಕೊನೆಗೆ ರಸ್ತೆ ಬಂತು. ಹಳ್ಳದ ದಡದ ಜೌಗಿನಲ್ಲಿ ಕಲ್ಲು ಸುರಿದು ಸಿಮೆಂಟಿನ ರಾಕೆಟ್ ನಿಲ್ಲಿಸಿದರು. ಟಾರು ಅದರ ಸುತ್ತ ಒಂದು ಚೆಂದದ ಸುತ್ತು ಹಾಕಿ ನಿಂತುಬಿಟ್ಟಿತು.

ಅನಾವರಣದ ದಿನ ಉಸ್ತೀನ್ಯಾ ಮತ್ತು ಯೆಫೀಮ್ ಎರಡು ಕಿಲೋಮೀಟರ್ ಕೆಸರು ತುಳಿದು ಬಂದರು. ಉಳಿದೆರಡು ಕಿಲೋಮೀಟರ್ ರಸ್ತೆಗಾಗಿ ಬರೆಸಿದ ಅರ್ಜಿ ಅವಳ ಶಾಲಿನ ಗಂಟಿನಲ್ಲಿತ್ತು. ಮಾಸ್ಕೋದ ಪತ್ರಕರ್ತರು ಬಸ್ಸಿನಲ್ಲಿ ಬಂದಿದ್ದರು. ಭಾಷಣ ಮುಗಿದ ಮೇಲೆ ಒಬ್ಬ ಅವಳ ಬಳಿ ಬಂದ.

"ಅಜ್ಜೀ, ಸರಿಯಾಗಿ ಎಲ್ಲಿ ಇಳಿದ್ರು, ತೋರಿಸಿ. ಒಂದು ಫೋಟೋ ತೆಗೀತೀವಿ."

ಉಸ್ತೀನ್ಯಾ ತನ್ನ ಊರಿನತ್ತ ಕೈ ಮಾಡಿದಳು. "ಅಗೋ, ಅಲ್ಲಿ. ಎರಡೇ ಕಿಲೋಮೀಟರ್. ಬನ್ನಿ, ತೋರಿಸ್ತೀನಿ."

ಜಾರಿಕೊವ್‌ನ ಮುಖ ಸುಣ್ಣವಾಯಿತು. ಪತ್ರಕರ್ತ ಟಾರಿನ ಅಂಚಿಗೆ ಹೋಗಿ ಒಂದು ಕಾಲು ಕೆಳಗಿಟ್ಟ. ಕಾಲು ವಾಪಸು ಬಂತು, ಶೂ ಬರಲಿಲ್ಲ. ಯೆಫೀಮ್ ಬಗ್ಗಿ ಅದನ್ನು ಕಿತ್ತು ಕೊಟ್ಟ.

"ಇಲ್ಲೇ ಅಂತ ಬರ್ಕೊಳ್ತೀವಿ ಬಿಡಿ" ಎಂದ ಪತ್ರಕರ್ತ.

ಜಾರಿಕೊವ್‌ಗೆ ಉಸಿರು ಬಂತು. ಉಸ್ತೀನ್ಯಾ ಚಾಚಿದ ಅರ್ಜಿಯನ್ನು ಓದಿ ಮಡಚಿ ಒಳಜೇಬಿಗೆ ಹಾಕಿಕೊಂಡು, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ: "ಈ ರಸ್ತೆ ಆಗಲ್ಲ, ಉಸ್ತೀನ್ಯಾ ಸವೆಲ್ಯೆವ್ನಾ. ಇವತ್ತು ನಮ್ಮ ದಾಖಲೆ ಉಳಿಸಿದ್ದು ಆ ಕೆಸರೇ. ಅದನ್ನ ಮುಟ್ಟೋ ಧೈರ್ಯ ಯಾರಿಗಿದೆ?"

ಉಸ್ತೀನ್ಯಾ ಕೆಸರನ್ನು ನೋಡಿದಳು. ಟಾರನ್ನು ನೋಡಿದಳು. ಟಾರಿನ ಮೇಲೆ ಜಾರಿಕೊವ್‌ನ ಕರಿ ಕಾರು ನಿಂತಿತ್ತು, ಅದರ ಹಿಂದೆ ಬಸ್ಸು. ನೋವಿನ್ನೂ ಬಂದಿರಲಿಲ್ಲ. ಬಂದಾಗ ಕಾರು ಇಲ್ಲಿರುವುದಿಲ್ಲ.

"ಹಾಗಾದ್ರೆ ನನ್ನ ಹೊಟ್ಟೆಯ ಕಲ್ಲು ಇವತ್ತೇ ತೆಗೆಸು" ಎಂದಳು. "ನಿನ್ನ ಕಾರಲ್ಲಿ ಆಸ್ಪತ್ರೆಗೆ ಬಿಡು. ಕೊಯ್ಯೋಕೆ ಹೇಳಿ ಹೋಗು."

"ಇವತ್ತಾ? ಊಟ ಇದೆ, ಜಿಲ್ಲಾ ಕಾರ್ಯದರ್ಶಿ ಕಾಯ್ತಿದಾರೆ..."

"ಪರವಾಗಿಲ್ಲ. ಬಸ್ಸಲ್ಲಿ ಹೋಗ್ತೀನಿ. ಒಳ್ಳೇ ಹುಡುಗ್ರು, ಮಾತಾಡಿಸ್ತಾರೆ. ಕೊಡೆ ಯಾವ ಬಣ್ಣದ್ದು ಅಂತ ಅವರಿನ್ನೂ ಕೇಳೇ ಇಲ್ಲ."

ಜಾರಿಕೊವ್ ತಾನೇ ಓಡಿಹೋಗಿ ಕಾರಿನ ಬಾಗಿಲು ತೆಗೆದ. ಉಸ್ತೀನ್ಯಾ ಕೆಸರಿನ ಬೂಟುಗಳ ಸಮೇತ ಹಿಂದಿನ ಸೀಟಿನಲ್ಲಿ ಕೂತಳು. ಯೆಫೀಮ್ ಗಾಬರಿಯಿಂದ ಕಿಟಕಿಗೆ ಬಗ್ಗಿದ.

"ಉಸ್ತೀನ್ಯಾ, ಕರುಗಳನ್ನ ಯಾರು ನೋಡ್ಕೊಳ್ತಾರೆ?"

"ನೂರು ಜನ ಇದೀರಲ್ಲ" ಎಂದಳು ಅವಳು. "ಕಣ್ಣಾರೆ ನೋಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."