ಕಚ್ಚಿ ನೋಡಿದ ಮೇಣ

ಹೋದ ಕಾರ್ತಿಕದಲ್ಲಿ ಲಿಂಗೈಕ್ಯರಾದ ನಮ್ಮ ಮಾವ ಕಲ್ಲಯ್ಯನವರು ಮೇಣವನ್ನು ಹಲ್ಲಿನಿಂದಲೇ ಪರೀಕ್ಷಿಸುವವರು. ಬೆಟ್ಟದ ಸೋಲಿಗರು ಜೇನುಹುಟ್ಟನ್ನು ಕುದಿಸಿ, ಸೋಸಿ, ಬಿಲ್ಲೆ ಕಟ್ಟಿ ತಂದ ಹಳದಿ ಮೇಣದ ಅಂಚು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಜಪಕ್ಕೆ ಕೂತವರಂತೆ ಮೆಲ್ಲಗೆ ಅಗಿಯುವರು. ಹಲ್ಲಿಗಂಟಿದರೆ ರಾಳದ ಬೆರಕೆ, ನಾಲಿಗೆಗೆ ಜಿಡ್ಡು ತಾಕಿದರೆ ಕೊಬ್ಬಿನ ಬೆರಕೆ, ಎರಡೂ ಇಲ್ಲದೆ ಪುಡಿಪುಡಿಯಾದರೆ ಮಾತ್ರ ಪಕ್ಕಕ್ಕೆ ಉಗಿದು, "ಇದು ಮೇಣ ಅಂದ್ರೆ. ಅಲ್ವಾ ಮತ್ತೆ?" ಎನ್ನುವರು. ಪ್ರತಿ ಮಾತಿನ ಬಾಲಕ್ಕೂ ಆ "ಅಲ್ವಾ ಮತ್ತೆ" ಇರಲೇಬೇಕು. ಉತ್ತರಕ್ಕೆ ಕಾದದ್ದನ್ನು ಮಾತ್ರ ನಾನು ಕಾಣೆ.

ನಂಜನಗೂಡಿನ ಪೇಟೆಯಲ್ಲಿ ದವಸದ ಮಂಡಿ ಇಟ್ಟಿದ್ದ ಅವರು ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಬೇಸಗೆಯಲ್ಲೂ ಬಿಚ್ಚದ ಕಪ್ಪು ಕೋಟಿನ ತೋಳು ಮೇಣ ಕುಡಿದು ತಗಡಿನಂತೆ ಸೆಟೆದಿರುತ್ತಿತ್ತು. ಜರ್ಮನ್ ಯುದ್ಧದ ಮೂರನೆಯ ವರ್ಷ ಊಟಿಯ ದೊರೆಯೊಬ್ಬರಿಂದ ಹಳೆಯ ಮೋಟಾರು ಕೊಂಡು, ತಾವೇ ನಡೆಸಲು ಕಲಿತರು. ಅದಕ್ಕೆ ಹಚ್ಚಲೆಂದು ನನ್ನ ಯಜಮಾನರು ಮೈಸೂರಿನಿಂದ ಸೀಮೆಯ ಪಾಲಿಷಿನ ಡಬ್ಬಿ ತಂದರೆ, ಮೂಸಿ ನೋಡಿ ದೂರ ಸರಿದರು. "ಇದ್ರಲ್ಲಿ ದನದ ಕೊಬ್ಬದೆ ಕಣೊ. ಕೊರಳಲ್ಲಿ ಲಿಂಗ ಕಟ್ಕಂಡು ಇದ ಮುಟ್ಟಾನಾ?" ಮೇಣದ ಬತ್ತಿಯ ಮೇಲೂ ಅದೇ ಗುಮಾನಿ. ಕೊನೆಗೆ ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಜೇನುಮೇಣ ಕರಗಿಸಿ, ಒಲೆಯಿಂದ ದೂರ ಒಯ್ದು ಟರ್ಪೆಂಟೈನು ಬೆರೆಸಿ, ಆರಿದ ಮೇಲೆ ವಿಭೂತಿ ಧರಿಸುವ ಮೂರೇ ಬೆರಳಿಂದ ಅದನ್ನು ತೆಳ್ಳಗೆ ಸವರಿ, ಹಳೆಯ ಪಂಚೆಯಿಂದ ಉಜ್ಜುವ ಕ್ರಮ ರೂಢಿಯಾಯಿತು. ಉಜ್ಜಿ ಮುಗಿಸಿ ಒಂದು ಚೊಂಬು ನೀರು ಸುರಿಯುವರು. ನೀರು ಮಣಿಮಣಿಯಾಗಿ ಉರುಳಿ ನೆಲಕ್ಕಿಳಿಯುವುದು.

"ನೋಡ್ದಾ, ನೀರೇ ನಿಲ್ಲಲ್ಲ. ಇನ್ನು ಮೈಲಿಗೆ ನಿಂತದಾ? ಜ್ವರ ನಿಂತದಾ? ಅಲ್ವಾ ಮತ್ತೆ?"

ನಾವು ನಕ್ಕೆವು. ನಗಬಾರದಾಗಿತ್ತೆಂದು ತಿಳಿದದ್ದು ಮರುವರ್ಷ, ಆ ಮಹಾಜ್ವರ ಬಂದಾಗ. ಬಿಳಿಗೆರೆಯಿಂದ ನರಸೀಪುರದವರೆಗೆ ಊರೂರೇ ಹಾಸಿಗೆ ಹಿಡಿದಿದ್ದಾಗ, ಗಾಡಿ ಹೂಡಲೂ ಜನ ಸಿಗದಿದ್ದಾಗ, ಮಾವನವರು ಯಾವ ಕೇರಿಯವರೆಂದು ಕೇಳದೆ ರೋಗಿಗಳನ್ನು ಮೋಟಾರಿಗೆ ಹತ್ತಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಸಾಗಿಸಿದರು. ಹೆಡತಲೆ ಊರಿನ ರಾಚಮ್ಮ ಜ್ವರದ ಮಗನನ್ನು ಹೊತ್ತು ನಮ್ಮ ಬಾಗಿಲಿಗೆ ಬಂದಾಗ ಒಳಗಿನಿಂದ ಅಗುಳಿ ಹಾಕಿದವಳು ನಾನು. ಹಿತ್ತಿಲಿನಿಂದ ಸುತ್ತಿ ಬಂದು ಅವರನ್ನು ಕರೆದೊಯ್ದವರು ಮಾವನವರು. ಆ ಹುಡುಗ ಬದುಕಿದ್ದಾನೆ.

ಪ್ರತಿ ಸಂಜೆ ಬಂದು ಮೋಟಾರು ತೊಳೆದು, ಮೇಣ ಹಚ್ಚಿ, ನೀರು ಸುರಿದು ನೋಡಿ, ಅದೇ ಕೈಯಲ್ಲಿ ನನ್ನ ಹನ್ನೊಂದು ತಿಂಗಳ ಮಗಳು ಗುರುಸಿದ್ದಮ್ಮನನ್ನು ಎತ್ತಿಕೊಳ್ಳುವರು. ಈ ಜ್ವರ ಉಸಿರಿನಿಂದ ಹರಡುವುದೆಂದು ನಾನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ನಮ್ಮಲ್ಲಿ ಸೊಸೆ ಮಾವನೆದುರು ಬಾಯಿ ತೆರೆಯುವಂತಿಲ್ಲ. ಏನಿದ್ದರೂ ಅತ್ತೆಯ ಮೂಲಕ. ಬಾಗಿಲ ಮರೆಯಲ್ಲಿ ನಿಂತು, "ಅತ್ತೆಮ್ಮ, ಈ ಜ್ವರ ಇಳಿಯುವವರೆಗೆ ಮಗುವನ್ನು ಎತ್ತಿಕೊಳ್ಳುವುದು ಬೇಡವೆಂದು ಹೇಳಿ" ಎಂದೆ. ಅತ್ತೆ ಚನ್ನಾಜಮ್ಮನವರು ಅಂಗಳಕ್ಕೆ ಕೇಳುವಂತೆ, "ಏನ್ರೀ, ಇಸ್ಕೂಲು ಕಲ್ತ ನಿಮ್ಮ ಸೊಸೆಗೆ ನಿಮ್ಮ ಕೈ ಏಸಿಗೆಯಂತೆ!" ಎಂದರು. ಮಾವನವರು ನಕ್ಕರು. "ಎದರ್ಕತದೆ, ಪಾಪ. ಒಂದು ಚೊಂಬು ನೀರು ಉಯ್ದು ತೋರ್ಸೇ ಅದ್ಕೆ."

ತುಲಾಮಾಸದ ಕೊನೆಗೆ ಬೆಟ್ಟದಲ್ಲೂ ಜ್ವರ ಹತ್ತಿ ಸೋಲಿಗರು ಇಳಿದು ಬರಲಿಲ್ಲ. ಜೇನುಮೇಣ ತೀರಿತು. ಎರಡು ದಿನ ಮಾವನವರು ಖಾಲಿ ಪಾತ್ರೆಯ ಮುಂದೆ ಕುಳಿತದ್ದನ್ನು ಕಿಟಕಿಯಿಂದ ನೋಡಿದೆ. ಮೂರನೆಯ ದಿನ ಹೊರಗೆ ರೋಗಿಯ ಕಡೆಯವರು ಯಾರೋ ಕೂಗಿದರು. ಮಾವನವರು ಅಂಗಡಿಯಿಂದ ಮೇಣದ ಬತ್ತಿ ತರಿಸಿ, ಮುಖ ಹಿಂಡಿಕೊಂಡು ಅದನ್ನೇ ಕರಗಿಸಿ ಹಚ್ಚಿ, ಹೊರಟುಬಿಟ್ಟರು.

ಆ ವಾರದಲ್ಲೇ ಮಗುವಿಗೆ ಜ್ವರ ಬಂತು. ಯಾರಿಂದ ಬಂತೆಂದು ನಾನು ಪ್ರಮಾಣ ಮಾಡಲಾರೆ. ಮೊಸರಿನವಳೂ ಕೆಮ್ಮುತ್ತಿದ್ದಳು, ಬಹುಶಃ ನಾನೂ ಕೆಮ್ಮಿದ್ದೆ. ಮೂರನೆಯ ದಿನ ಮಾವನವರೇ ನಮ್ಮನ್ನು ಮೋಟಾರಿನಲ್ಲಿ ಕೂರಿಸಿಕೊಂಡು ಹೊರಟರು. ಮೈಸೂರು ಇನ್ನೂ ನಾಲ್ಕು ಮೈಲಿ ಇರುವಾಗ ನನ್ನ ತೊಡೆಯ ಮೇಲಿನ ಭಾರ ಬೇರೆಯಾಯಿತು. ಹೇಳಲು ಬಾಯಿ ಬರಲಿಲ್ಲ. ಅವರು ಆಸ್ಪತ್ರೆಯ ಬಾಗಿಲವರೆಗೂ ನಡೆಸಿದರು.

ಮಣ್ಣು ಮಾಡಿದ ಮರುದಿನ ಅವರು ಮೋಟಾರು ಮುಟ್ಟಲಿಲ್ಲ, ಅದರ ಮರುದಿನವೂ ಇಲ್ಲ. ಬೀದಿಯಲ್ಲಿ ಜನ ಬಂದು ಕರೆದು ಹೋಗುತ್ತಿದ್ದರು. ಐದನೆಯ ದಿನ ನಾನೊಬ್ಬಳೇ ಇದ್ದ ಪಡಸಾಲೆಗೆ ಬಂದು, ಕಂಬ ಹಿಡಿದು ನಿಂತರು.

"ಬೆರಕೆ ಹಚ್ಬುಟ್ಟೆ ಕಣವ್ವ. ಗೊತ್ತಿದ್ದೂ ಹಚ್ದೆ. ಮೇಣ ಸರಿಯಾಗಿ ಕೂತಿರ್ನಿಲ್ಲ, ಅದ್ಕೇ ಮನೆಗೆ ಬಂತು. ನಾನೇ ಕೊಂದೆ ಕೂಸ್ನ."

ಅಂದು ಅವರು "ಅಲ್ವಾ ಮತ್ತೆ" ಎನ್ನಲಿಲ್ಲ. ಉತ್ತರಕ್ಕೆ ಕಾದು ನಿಂತಿದ್ದರು.

ಮೇಣಕ್ಕೂ ಜ್ವರಕ್ಕೂ ಸಂಬಂಧವಿಲ್ಲವೆಂದರೆ, ಮೊದಲ ದಿನದಿಂದಲೂ ಅವರು ಉಸಿರಿನಲ್ಲಿ ಏನನ್ನು ಹೊತ್ತು ತರುತ್ತಿದ್ದಿರಬಹುದೆಂದು ಹೇಳಿದಂತೆ. ಸುಮ್ಮನಿದ್ದರೆ, ಹೌದು, ನೀವೇ ಕೊಂದಿರಿ ಎಂದಂತೆ. ಹೇಳುವ ಆಸೆ ನನಗಿರಲಿಲ್ಲವೆಂದರೆ ಸುಳ್ಳಾದೀತು.

"ಮೇಣ ಚೆನ್ನಾಗಿಯೇ ಕೂತಿತ್ತು ಮಾವ. ನಾನು ನೀರು ಹುಯ್ದು ನೋಡಿದ್ದೆ" ಎಂದೆ.

ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ನಾನು ಅವರೊಡನೆ ಆಡಿದ ಮೊದಲ ಮಾತು ಅದು; ಸುಳ್ಳು. ಅವರು ಕಾಲೆಳೆಯುತ್ತ ಹೊರಗೆ ಹೋದರು. ಮಧ್ಯಾಹ್ನಕ್ಕೆ ಮೋಟಾರಿನ ಸದ್ದು ಕೇಳಿತು. ಮತ್ತೆ ಯಾರ ಮನೆಗೆ ಯಾರನ್ನು ತಲುಪಿಸಿದರೋ, ಯಾರ ಮನೆಗೆ ಏನನ್ನು ಒಯ್ದರೋ, ಅದರಲ್ಲಿ ನನ್ನ ಪಾಲೂ ಉಂಟು.

ಕೆಲವರ ಧೈರ್ಯದ ಬುಡದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರಾಗಿ ಇಳಿದಿರುತ್ತದೆ. ಅದನ್ನು ಕಿತ್ತರೆ ಮರವೇ ಉರುಳುತ್ತದೆ. ಸರಿಯಾದುದನ್ನು ಓದಿ ತಿಳಿದ ನಮ್ಮಂಥವರು ಅಗುಳಿ ಹಾಕಿಕೊಂಡು ಕೂರುತ್ತೇವೆ. ಅವರು ಏನೂ ತಿಳಿಯದೆ ಎದ್ದು ಹೊರಡುತ್ತಾರೆ. ತಾಯಾದವಳು ಅಂಥವರನ್ನು ಕ್ಷಮಿಸಲಾರಳು. ಅಂಥವರಿಲ್ಲದ ಊರಿನಲ್ಲಿ ಮಕ್ಕಳನ್ನು ಹೆರಲೂ ಆರಳು.