ತೆನೆ ಹಬ್ಬದ ಕೊಪ್ಪರಿಗೆ

ನಾನು ಪಾಯಸಕ್ಕೆ ಏಲಕ್ಕಿ ಕುಟ್ಟಿ ಹಾಕಿದ ಹೊತ್ತಿಗೆ ಕವಲೇದುರ್ಗದ ಕೋಟೆಯ ಚಪ್ಪಡಿಕಲ್ಲೊಂದು ಘಮ ಹಿಡಿದು ನಮ್ಮೂರಿನ ಕಡೆಗೆ ಒಂದು ಗೇಣು ಸರಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಯಾರು ಅಂತ ಕೇಳಬೇಡಿ, ಅವರು ಸದ್ಯ ಊರಲ್ಲಿಲ್ಲ. ಈ ಸಲದ ತೆನೆ ಹಬ್ಬಕ್ಕೆ ನಮ್ಮ ಇಗರ್ಜಿಯಲ್ಲಿ ಉಂಡವರು ಐದು ಸಾವಿರ ಜನ, ಹೆಂಗಸರು ಮಕ್ಕಳನ್ನು ಬಿಟ್ಟು. ಸುವಾರ್ತೆಯಲ್ಲಿ ಹಾಗೇ ಎಣಿಸಿದ್ದಾರೆ, ನಾನೂ ಹಾಗೇ ಎಣಿಸುತ್ತೇನೆ.

ಅಷ್ಟು ಜನ ಉಂಡ ಮೇಲೂ ಒಂದು ಕೊಪ್ಪರಿಗೆ ಪಾಯಸ ಉಳಿದಿತ್ತು. ಅದೀಗ ನನ್ನ ಓಮ್ನಿಯ ಹಿಂಭಾಗದಲ್ಲಿ ಕೂತು, ರಿಪ್ಪನ್‌ಪೇಟೆ ರಸ್ತೆಯ ಒಂದೊಂದು ಗುಂಡಿಗೂ ಬಳಕ್ ಬಳಕ್ ಅನ್ನುತ್ತಿತ್ತು. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಸೆವ್ರಿನಾ. ಮಡಿಲಲ್ಲಿ ಸೌಟು, ಮುಖ ಕಿಟಕಿಯ ಆಚೆಗೆ.

"ಏನಾದ್ರೂ ಮಾತಾಡು ಮಾರಾಯ್ತಿ," ಅಂದೆ.

"ಮಾತಾಡೂದು ಎಂತ? ಇಷ್ಟು ಮಾಡಿದ್ದು ಸಾಲದು ಅಂತ ಆ ಕಾಳು ಬೇರೆ ಹಾಕಿದ್ರಿ."

ಕಾಳಿನ ವಿಷಯ ಹೇಳಿಬಿಡುತ್ತೇನೆ. ಮರಿಯಮ್ಮನವರ ಹುಟ್ಟಿದ ದಿನ ಹೊಸ ಭತ್ತದ ತೆನೆಯನ್ನು ಪೀಠದ ಮುಂದಿಟ್ಟು, ಫಾದರ್ ಆಶೀರ್ವದಿಸಿ, ಮನೆಗೊಂದರಂತೆ ಹಂಚುತ್ತಾರೆ. ಅದರ ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಆ ಕಾಳು ಬಿದ್ದ ಮೇಲೆ ಪಾಯಸವನ್ನು ಚೆಲ್ಲುವಂತಿಲ್ಲ, ನಾಯಿಗೆ ಹಂದಿಗೆ ಹಾಕುವಂತಿಲ್ಲ, ಮನುಷ್ಯರ ಹೊಟ್ಟೆಗೇ ಹೋಗಬೇಕು. ಅದಕ್ಕೇ ಬುದ್ಧಿ ಇದ್ದವರು ಪುಟ್ಟ ಪಾತ್ರೆಗೆ ಹಾಕುತ್ತಾರೆ. ನನ್ನ ಬುದ್ಧಿ ಸ್ವಲ್ಪ ದೊಡ್ಡದು. ಕೊಪ್ಪರಿಗೆಯ ಮುಂದೆ ನಿಂತು ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿ ಸುರಿದು, "ಇವತ್ತು ಇಡೀ ಸೀಮೆಗೇ ನಮ್ಮದೇ ಹೊಸ್ತಿನೂಟ!" ಅಂತ ಕೂಗಿದ್ದೆ.

ಫಾದರ್ ಕ್ಲೆಮೆಂಟ್ ಆಗ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು. ಅವರು ಈ ಊರಿಗೆ ಬಂದ ಮೊದಲ ಹಬ್ಬದಲ್ಲೇ ಇಗರ್ಜಿ ಹಿಂದಿನ ಹೊಂಡದಲ್ಲಿ ಅನ್ನದ ರಾಶಿ ಕಂಡು ಮಂಕಾಗಿದ್ದರು. ಈ ಸಲ ಹಬ್ಬದ ಹಿಂದಿನ ಭಾನುವಾರ ಪೂಜೆಯಲ್ಲಿ ಅವರ ಪ್ರಸಂಗವೆಲ್ಲ ಅದರ ಮೇಲೆಯೇ. "ಐದು ರೊಟ್ಟಿಯಿಂದ ಅಷ್ಟು ಜನಕ್ಕೆ ಉಣಿಸಿದ ಸ್ವಾಮಿ, ಊಟ ಆದ ಮೇಲೆ ಶಿಷ್ಯರಿಗೆ ಏನು ಹೇಳಿದ್ರು? ಉಳಿದ ತುಂಡುಗಳನ್ನ ಕೂಡಿಸಿ, ಏನೂ ಹಾಳಾಗಬಾರದು ಅಂದ್ರು. ಬೇಕಾದಷ್ಟು ರೊಟ್ಟಿ ಮಾಡಬಲ್ಲವರೇ ಶಿಷ್ಯರನ್ನ ಬಗ್ಗಿಸಿ ತುಂಡು ಹೆಕ್ಕಿಸಿದ್ರು!"

ಪೂಜೆ ಮುಗಿದ ಮೇಲೆ ನಾನು ಅಂಗಳದಲ್ಲಿ ಅವರನ್ನು ಹಿಡಿದುಕೊಂಡೆ. "ಫಾದರ್, ಹನ್ನೆರಡು ಬುಟ್ಟಿ ಉಳಿದಿತ್ತಲ್ಲ? ದೇವರ ಅಡುಗೆಯಲ್ಲೇ ಉಳಿದ ಮೇಲೆ ಲಾದ್ರು ಪಿಂಟೋನ ಅಡುಗೆಯಲ್ಲಿ ಉಳಿದ್ರೆ ಪಾಪವಾ?"

ಸುತ್ತ ಇದ್ದವರು ನಕ್ಕರು. ಫಾದರ್ ನಗಲಿಲ್ಲ.

"ಉಳಿದದ್ದನ್ನ ಅವರು ಹೊಂಡಕ್ಕೆ ಎಸೀಲಿಲ್ಲ ಲಾದ್ರು. ಎಷ್ಟು ಜನ ಬರ್ತಾರೆ ಅಂತ ಕೇಳಿ, ಅಷ್ಟೇ ಮಾಡು. ಈ ಸಲವೂ ಚೆಲ್ಲಿದ್ರೆ ಮುಂದಿನ ವರ್ಷದಿಂದ ಹಬ್ಬದ ಊಟ ಇಲ್ಲ. ಪೂಜೆ ಆದ ಮೇಲೆ ಒಂದೊಂದು ಪೊಟ್ಟಣ ಅವಲಕ್ಕಿ ಕೊಟ್ಟು ಕಳಿಸ್ತೀನಿ."

ಅವಲಕ್ಕಿ ಪೊಟ್ಟಣ! ನನ್ನ ಅಪ್ಪನ ಕಾಲದಿಂದ ಆ ಅಂಗಳದಲ್ಲಿ ಒಲೆ ಹೂಡಿ, ಅಡಿಕೆ ಹಾಳೆ ಹಾಸಿ, ಸಾಲಾಗಿ ಕೂತು ಉಂಡ ಜನ ಪೊಟ್ಟಣ ಹಿಡಿದು ಬಸ್ಸು ಹತ್ತುವುದೇ? ಹಾಗಾಗಿ ಈ ಪಾಯಸ ಸಂಜೆಯ ಒಳಗೆ ಯಾರದಾದರೂ ಹೊಟ್ಟೆ ಸೇರಲೇಬೇಕಿತ್ತು. ಸೂರ್ಯನೋ ಓಮ್ನಿಯ ತಗಡಿನ ಮೇಲೆ ಕೂತು ಒತ್ತುತ್ತಿದ್ದ. ಒಳಗಿದ್ದದ್ದು ಬಿಸಿಗೆ ತಡೆಯದ ತೆಂಗಿನಹಾಲಿನ ಪಾಯಸ.

ಮೊದಲು ಹುಡುಗಿಯರ ಹಾಸ್ಟೆಲ್ಲಿಗೆ ಹೋದೆವು. ವಾರ್ಡನ್ ವನಮಾಲಾ ಗೇಟಿನ ಒಳಗೇ ನಿಂತು ಕೈ ಅಲ್ಲಾಡಿಸಿದಳು.

"ಹೊರಗಿನ ಅಡುಗೆ ಒಳಗೆ ಬಿಡಂಗಿಲ್ಲ ಲಾದ್ರಣ್ಣ. ಯಾವುದಾದ್ರೂ ಹುಡುಗಿಗೆ ಹೊಟ್ಟೆ ಕೆಟ್ರೆ ನನ್ನ ಕೆಲಸ ಹೋಗ್ತದೆ."

"ಐದು ಸಾವಿರ ಜನ ಉಂಡಿದಾರೆ ಮಾರಾಯ್ತಿ. ತೇಗು ಬಿಟ್ಟು ಬೇರೆ ಎಂತದೂ ಬರ್ಲಿಲ್ಲ."

"ಅಷ್ಟು ಜನ ಉಂಡಿದ್ರೆ ಇಷ್ಟು ಹೆಂಗೆ ಉಳೀತು?"

ಸೆವ್ರಿನಾ ನನ್ನ ಅಂಗಿಯ ತುದಿ ಹಿಡಿದು ಎಳೆದಳು.

ಅಲ್ಲಿಂದ ನಾರಾಯಣಮೂರ್ತಿಗಳ ಮನೆ. ಅವರ ಮಗಳ ಮದುವೆಯಲ್ಲಿ ಚಪ್ಪರ ಹಾಕಿಸಿಕೊಟ್ಟವನು ನಾನು. ಒಂದು ಗಾಳಿಗೆ ಶಿವಮೊಗ್ಗ ಜಿಲ್ಲೆಯ ಚಪ್ಪರಗಳೆಲ್ಲ ಹಾರಿ ಹೋದಾಗ ಅದೊಂದೇ ನಿಂತಿತ್ತು. ಮೂರ್ತಿಗಳು ಜಗುಲಿಯಲ್ಲಿ ಕೂರಿಸಿ, ನೀರು ಬೆಲ್ಲ ಕೊಟ್ಟು, ಕೊಪ್ಪರಿಗೆಯ ವಿಷಯ ಕೇಳಿದ ಕೂಡಲೇ ಕೆಮ್ಮಿದರು.

"ಬೇಜಾರು ಮಾಡ್ಕಬೇಡ ಲಾದ್ರು. ನಮ್ಮಲ್ಲಿ ಹೊರಗೆ ಬೇಯಿಸಿದ್ದು ಉಣ್ಣೋ ಪದ್ಧತಿ ಇಲ್ಲ ನೋಡು."

ಒಳಗಿನಿಂದ ಅವರ ಹೆಂಡತಿ ಶರಾವತಮ್ಮನ ದನಿ ಬಂತು. "ಎಂತ ಪದ್ಧತಿ? ಶುಗರ್ ಇದ್ದು ಹೇಳಿ ಸೀದಾ ಹೇಳಲಾಗ್ತಿಲ್ಯ? ಪ್ಯಾಟೆ ಹೋಟ್ಲಲ್ಲಿ ಜಾಮೂನು ಮುಕ್ಕಕ್ಕಾದ್ರೆ ಯಾವ ಪದ್ಧತಿನೂ ಇಲ್ಲೆ!"

ಮೂರ್ತಿಗಳು ಅಡಿಕೆ ಹೋಳನ್ನು ಬಹಳ ಗಮನ ಕೊಟ್ಟು ನೋಡತೊಡಗಿದರು. ಶರಾವತಮ್ಮ ಹೊರಗೆ ಬಂದವರು ಸೆವ್ರಿನಾಳಿಗೆ, "ಹಬ್ಬದ ದಿನ ಬರಿಗೈಲಿ ಹೋಗಬಾರದು," ಅಂತ ಒಂದು ಗೋಣಿಚೀಲ ಸೌತೆಕಾಯಿ ಹೊರಿಸಿಯೇಬಿಟ್ಟರು. ಪಾಯಸ ಒಂದು ಲೋಟ ಇಳಿಯಲಿಲ್ಲ, ಸೌತೆಕಾಯಿ ಮಾತ್ರ ಗಾಡಿ ಹತ್ತಿತು.

"ಇದನ್ನ ಯಾರಿಗೆ ಹಂಚೂದು?" ಅಂದಳು ಸೆವ್ರಿನಾ.

"ಸುಮ್ನೆ ಕೂರು."

ರಿಪ್ಪನ್‌ಪೇಟೆಯ ಸರ್ಕಲ್ಲಿನಲ್ಲಿ ಆಟೋದವರು ಸಾಲಾಗಿ ನಿಂತಿದ್ದರು. ಜಟ್ಟಪ್ಪ ನನ್ನ ಹಳೇ ದೋಸ್ತ, ಕಲ್ಲು ಕೊಟ್ಟರೂ ಉಪ್ಪು ಸವರಿ ತಿನ್ನುವವನು. ಹಿಂಬಾಗಿಲು ತೆರೆದು, ಲೋಟ ತುಂಬಿಸಿ ಕೊಟ್ಟೆ. ಮಿಕ್ಕವರು ಅವನ ಮುಖವನ್ನೇ ನೋಡುತ್ತ ನಿಂತರು. ಜಟ್ಟಪ್ಪ ಒಂದು ಗುಟುಕು ಬಾಯಿಗೆ ಹಾಕಿ, ನಾಲಿಗೆ ಚಪ್ಪರಿಸಿ, ಲೋಟದೊಳಗೆ ಇಣುಕಿದ.

"ಲಾದ್ರಣ್ಣ, ಇದು ಹುಳಿ ತಿರುಗ್ತಾ ಇದೆ."

"ಹುಳಿ ಅಲ್ಲೋ, ಏಲಕ್ಕಿ ಒಂಚೂರು ಜಾಸ್ತಿ."

"ನನ್ನ ನಾಲಿಗೆಗೇ ಹೇಳ್ತೀರಾ? ನೊರೆ ನೋಡಿ ಮಾರಾಯ್ರೆ. ಬೆಳಗ್ಗೆ ತರಬಾರದಿತ್ತಾ?"

ಆಟೋದವರು ಒಬ್ಬೊಬ್ಬರಾಗಿ ತಮ್ಮ ಗಾಡಿಯೊಳಗೆ ಹೋಗಿ ಕೂತರು. ನನಗೆ ಮೈ ಉರಿದುಹೋಯಿತು. ಊರಿಗೆ ಊರೇ ಪುಕ್ಕಟೆ ಕೊಟ್ಟರೂ ಬೇಡ ಅನ್ನುವ ಕಾಲ ಬಂತಲ್ಲ! ತಿರುಗಿ ಬರುವಾಗ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಇಳಿದೆ. ಕೆಳಗೆ ಹೊಳೆ ಕೆಂಪಗೆ ತುಂಬಿ ಹೋಗುತ್ತಿತ್ತು. ಒಂದು ಸಲ ಬಗ್ಗಿಸಿದರೆ ಮುಗಿಯಿತು, ನೋಡುವವರು ಯಾರೂ ಇಲ್ಲ.

"ಹೊಳೆಗೆ ಹೊಯ್ದರೆ ನಾನು ಇಲ್ಲೇ ಇಳಿದು ತಂಗಿ ಮನೆಗೆ ಹೋಗ್ತೇನೆ," ಅಂದಳು ಸೆವ್ರಿನಾ, ಕೂತಲ್ಲಿಂದಲೇ.

"ಹಾಗಾದ್ರೆ ಆ ಹನ್ನೆರಡು ಬುಟ್ಟಿ ಯಾರಿಗೆ ಕೊಟ್ರು?" ಅಂತ ನಾನು ಕಿರುಚಿದೆ. "ಕೂಡಿಸಿದ್ರು ಅಂತ ಬರೆದಿದಾರೆ. ಆಮೇಲೆ ಯಾರ ಮನೆ ಬಾಗಿಲಿಗೆ ಹೊತ್ಕೊಂಡು ಹೋದ್ರು, ಯಾರು ತಗೊಂಡ್ರು, ಅದನ್ನ ಯಾಕೆ ಬರೀಲಿಲ್ಲ?"

ಅವಳು ಕೈ ಚಾಚಿ ನನ್ನ ಕಡೆಯ ಬಾಗಿಲು ತೆರೆದಳು. ನಾನು ಹತ್ತಿ ಕೂತೆ.

ಇಗರ್ಜಿಯ ಅಂಗಳದಲ್ಲಿ ಫಾದರ್ ಒಬ್ಬರೇ ಬೆಂಚು ಎತ್ತಿಡುತ್ತಿದ್ದರು. ನಾನು ಗಾಡಿಯಿಂದ ಜಿಗಿದವನೇ ಶುರು ಮಾಡಿದೆ. "ಎಲ್ಲ ಖಾಲಿ ಫಾದರ್! ಸೀದಾ ಹೊಳೆಬಾಗಿಲಿಗೇ ಹೋಗಿದ್ದೆ. ಸಿಗಂದೂರಿಗೆ ಹೋಗೋ ಭಕ್ತರು ಕೊಪ್ಪರಿಗೆಗೆ ಮುತ್ತಿಬಿಟ್ರು. ಒಬ್ಬ ಅಜ್ಜಿ ಅಂತೂ ಸೌಟು ಬಿಡಲೇ ಇಲ್ಲ..."

"ಅಷ್ಟು ದೂರದ ಹೊಳೆಬಾಗಿಲಿಗೆ ಹೋಗಿ ಇಷ್ಟು ಬೇಗ ಬಂದ್ಯಾ?"

"ನನ್ನ ಓಮ್ನಿ ಅಂದ್ರೆ ವಿಮಾನ ಫಾದರ್."

ಅವರು ಓಮ್ನಿಯ ಹಿಂಬಾಗಿಲು ಎತ್ತಿದರು. ಹುಳಿವಾಸನೆ ಅಂಗಳಕ್ಕೆ ಇಳಿಯಿತು. ಸೆವ್ರಿನಾ ಸೌತೆಕಾಯಿಯ ಚೀಲ ಎತ್ತಿಕೊಂಡು, ನನ್ನ ಕಡೆ ನೋಡದೆ ಅಡುಗೆ ಚಪ್ಪರದೊಳಗೆ ಹೋದಳು.

ಫಾದರ್ ಬೈಯಲಿಲ್ಲ. ಬೈದಿದ್ದರೆ ನಾನು ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ.

"ಗುದ್ದಲಿ ತಗೊಂಡು ಬಾ," ಅಂದರು.

"ಇದಕ್ಕೆ ಕಾಳು ಬಿದ್ದಿದೆ ಫಾದರ್."

"ಗೊತ್ತು, ನೀನು ಕೂಗಿದ್ದು ಕೇಳಿಸ್ತು. ಆಶೀರ್ವಾದ ಮಾಡಿದ್ದು ಕೆಟ್ಟು ಹೋದ್ರೆ ಮಣ್ಣಿಗೆ ಕೊಡಬೇಕು. ಎಸೆಯೋದಲ್ಲ, ಹೂಳೋದು. ನೀನೇ ತೋಡು."

ತೆಂಗಿನ ಮರದ ಆಚೆ ತೋಡಿದೆ. ಮೊಣಕಾಲಿನಷ್ಟು ಆಳ ಹೋಗಿ, ಸಾಕು ಅಂತ ಮೇಲೆ ನೋಡಿದೆ. ಫಾದರ್ ಕೊಪ್ಪರಿಗೆಯನ್ನೂ ಹೊಂಡವನ್ನೂ ನೋಡಿ ಸಾಲದು ಅಂತ ತಲೆಯಾಡಿಸಿದರು. ಮತ್ತೆ ತೋಡಿದೆ. ಕಲ್ಲುಮಣ್ಣು. ಅಂಗೈಯಲ್ಲಿ ಬೊಕ್ಕೆ ಎದ್ದಿತು. ಇನ್ನೊಮ್ಮೆ ನೋಡಿದೆ, ಇನ್ನೊಮ್ಮೆ ತಲೆಯಾಡಿಸಿದರು. ನಾನು ಮಾಡಿದ ಪಾಯಸ ಎಷ್ಟು ಅಂತ ಒಲೆಯ ಮುಂದೆ ನಿಂತಾಗ ನನಗೆ ತಿಳಿದಿರಲಿಲ್ಲ.

"ಎಷ್ಟು ಜನ ಉಂಡ್ರು?" ಅಂದರು ಫಾದರ್.

"ಐದು ಸಾ..."

"ಲಾದ್ರು."

ಗುದ್ದಲಿ ಊರಿ ನಿಂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. "ಒಂದು ಪಂಕ್ತಿ, ಫಾದರ್. ಎರಡನೇದು ಅರ್ಧ. ಅದರಲ್ಲೂ ಪಾತ್ರೆ ತೊಳೆಯೋಕೆ ಬಂದವರನ್ನ ಕರೆದು ಕೂರಿಸಿದ್ದೆ."

"ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನೀವು ಹೇಳಿದ ಹಾಗೆ ಮನೆಮನೆಗೂ ಹೋಗಿ ಕೇಳಿದ್ದೆ. ಎಷ್ಟೋ ಮನೆಗೆ ಬೀಗ." ಗುದ್ದಲಿಗೆ ಹಿಡಿದ ಮಣ್ಣು ಕೆರೆದೆ. "ಒಲೆ ಮೇಲೆ ಕೊಪ್ಪರಿಗೆ ಇದ್ರೆ ಬಂದವರು ಕೊಪ್ಪರಿಗೆ ನೋಡ್ತಾರೆ ಫಾದರ್. ಸಣ್ಣ ಪಾತ್ರೆ ಇಟ್ರೆ ಒಬ್ಬರನ್ನೊಬ್ಬರು ನೋಡ್ತಾರೆ. ನಾವು ಇಷ್ಟೇ ಜನ ಅಂತ ಗೊತ್ತಾಗಿಬಿಡ್ತದೆ."

ಫಾದರ್ ನಿಲುವಂಗಿಯ ತೋಳು ಮಡಚಿ ಕೊಪ್ಪರಿಗೆಯ ಒಂದು ಕಿವಿ ಹಿಡಿದರು. ಇನ್ನೊಂದನ್ನು ನಾನು ಹಿಡಿದೆ. ಹೊಂಡದ ಬಾಯಿಗೆ ತಂದು ಮೆಲ್ಲಗೆ ಬಗ್ಗಿಸಿದೆವು. ಪಾಯಸ ದಪ್ಪಗೆ, ಅವಸರವಿಲ್ಲದೆ ಮಣ್ಣಿಗೆ ಇಳಿಯತೊಡಗಿತು.

"ಮುಂದಿನ ವರ್ಷ ಊಟ ಮಾಡೋದಾದ್ರೆ," ಅಂದರು, "ಯಾವ ಪಾತ್ರೆ ಬೇಕು?"

ಯಾವುದೋ ದೊಡ್ಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಸೆವ್ರಿನಾ ತೌರಿಂದ ತಂದ ತಪ್ಪಲೆ ಸಾಕು, ಫಾದರ್."

"ಅದರ ತುಂಬ ಮಾಡ್ಬೇಕಾಗ್ತದಾ?"

"ಇಲ್ಲ," ಅಂದೆ. "ಮುಕ್ಕಾಲು."