ಹುಡುಗನ ಮನೆಯ ದಾರಿ

ಸುಚಿತಾಳಿಗೆ ಬಂದ ಸಂಬಂಧ ಅದು. ಹುಡುಗ ವಿನಾಯಕ, ಗೇರುಸೊಪ್ಪೆ ರಸ್ತೆ ಬಿಟ್ಟು ಎಡಕ್ಕೆ ಗುಡ್ಡ ಹತ್ತಿ ಇಳಿದರೆ ಸಿಗುವ ಸಣ್ಣ ಪೇಟೆಯಲ್ಲಿ ಕೋಳಿ ಅಂಗಡಿ ಇಟ್ಟವನು. ಫೋಟೋ ನೋಡಿ ಸುಚಿತಾ ಅಡ್ಡಿಲ್ಲ ಅಂದಿದ್ದಳು. ಉಳಿದದ್ದು ಅಪ್ಪ ದಾಸನ ಒಪ್ಪಿಗೆ. ಅವರ ಕೇರಿಯಲ್ಲಿ ಹೆಣ್ಣಿನ ಕಡೆಯವರು ಹೇಳದೆ ಕೇಳದೆ ಹೋಗಿ ಗಂಡಿನ ಮನೆ ನೋಡಬೇಕು. ಆ ಮನೆಯ ನೀರು ಕುಡಿದರೆ ಒಪ್ಪಿದ ಹಾಗೆ, ಕುಡಿಯದೆ ಎದ್ದರೆ ಇಲ್ಲ.

ಬಸ್ಸಿಗೆ ಹೋದರೆ ಕಂಡಕ್ಟರನಿಂದ ಹಿಡಿದು ಎಲ್ಲರೂ ಎಲ್ಲಿಗೆ ಅಂತ ಕೇಳುತ್ತಾರೆ. ಅದಕ್ಕೇ ದಾಸ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟ. ಸಂಬಂಧ ತಂದವನು ಹೆಂಡತಿಯ ತಮ್ಮ ದುರ್ಗ. ಅವನೂ ಒಂದು ಸೈಕಲ್ ಹಿಡಿದು ಬಂದ. ಧಾರೇಶ್ವರದಿಂದ ನಸುಕಿಗೆ ಹೊರಟವರು ಹೊನ್ನಾವರ ದಾಟಿ, ಹೊಳೆಯ ಬದಿಗೇ ತುಳಿದು, ಗುಡ್ಡದ ಬುಡ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು.

"ಈ ಗುಡ್ಡವನ್ನು ಯಾರೋ ಎತ್ತರ ಮಾಡಿಟ್ಟಿದ್ದಾರೆ ಭಾವ," ಅಂದ ದುರ್ಗ, ಸೈಕಲ್ ನೂಕುತ್ತ.

"ಗುಡ್ಡ ಇದ್ದ ಹಾಗೇ ಉಂಟು ಮಾರಾಯ. ದೊಡ್ಡ ಆದದ್ದು ನಿನ್ನ ಹೊಟ್ಟೆ."

ಪ್ರಾಯದಲ್ಲಿ ದಾಸ ಇದೇ ದಾರಿಯಲ್ಲಿ ಒಣಮೀನು ಮಾರಿದವನು. ಅವತ್ತಿನ ಹಾಗೇ ಇವತ್ತೂ ತಲೆಯ ಮೇಲಿಂದ ಎರಡು ಮಂಗಟ್ಟೆ ಹಕ್ಕಿ ಹಾರಿದವು, ಹಾಯಿಗೆ ಗಾಳಿ ಹೊಕ್ಕಂಥ ಸದ್ದು. ಅವನಿಗೆ ಜೀವ ಹಗುರಾಯಿತು. ಮುಂದಿನ ತಿರುವಿನಲ್ಲಿ ಮುಸುವ ಮಂಗವೊಂದು ಮರಿಯನ್ನು ಅವಚಿಕೊಂಡು ಕೂತು ಚಿಪ್ಸಿನ ಪ್ಲಾಸ್ಟಿಕ್ ಕೊಟ್ಟೆಯ ಒಳಗೆಲ್ಲ ನೆಕ್ಕುತ್ತಿತ್ತು. ಮರಿಯ ಬಾಯಲ್ಲೂ ಒಂದು ತುಂಡು ಕೊಟ್ಟೆ.

ಅದರಾಚೆಗೆ ನಾತ ಬಂತು.

ದಾಸ ಹುಟ್ಟಿದ್ದೇ ಮೀನಿನ ನಾತದಲ್ಲಿ. ಮೂಗು ಮುಚ್ಚಿಕೊಂಡು ಕೇರಿ ದಾಟುವವರನ್ನು ಕಂಡರೆ ಅವನಿಗೆ ನಗೆ. ಆದರೆ ಇದು ಗಂಟಲಿಗೇ ಕೈ ಹಾಕಿತು. ರಸ್ತೆ ಬದಿಯ ಇಳಿಜಾರಿನ ತುಂಬ ಕೋಳಿಯ ಕರುಳು, ತಲೆ, ಪುಕ್ಕ. ಕಟ್ಟಿದ ಕೊಟ್ಟೆಗಳು ಬಿಸಿಲಿಗೆ ಉಬ್ಬಿ ಒಡೆದು ಹಸಿರು ನೀರು ಸುರಿಯುತ್ತಿತ್ತು. ಹಂದಿಗಳ ಹಿಂಡು ಮೋರೆ ಹುಗಿದು ಮೇಯುತ್ತಿತ್ತು. ಒಂದು ನವಿಲು, ಅಷ್ಟು ಚಂದದ ಗಂಡು ನವಿಲು, ಕಾಲಿಗೆ ಕರುಳು ಸುತ್ತಿಕೊಂಡದ್ದು ಲೆಕ್ಕಕ್ಕೇ ಇಲ್ಲದೆ ಹುಳ ಹೆಕ್ಕುತ್ತಿತ್ತು. ಕಲ್ಲಿನ ಮೇಲೊಂದು ಉಡ. ಕರುಳನ್ನು ಕೊಟ್ಟೆ ಸಮೇತ ನುಂಗಿ, ಅರ್ಧ ಕೊಟ್ಟೆ ಬಾಯಿಂದ ಹೊರಗೆ ನೇತು, ಕುತ್ತಿಗೆ ಎತ್ತಿ ಎತ್ತಿ ಕಕ್ಕಲು ನೋಡುತ್ತಿತ್ತು. ದಾಸ ಹತ್ತಿರ ಹೋದ. ಅದು ಕೊಟ್ಟೆ ಎಳೆದುಕೊಂಡೇ ಪೊದೆಗೆ ನುಗ್ಗಿತು.

ದುರ್ಗ ಮೂಗು ಮುಚ್ಚಿಕೊಂಡು ಆಗಲೇ ತಿರುವು ದಾಟಿದ್ದ. ಅಷ್ಟರಲ್ಲಿ ನೀಲಿ ಟೆಂಪೊ ಬಂದು ನಿಂತಿತು. ಮೂಗು ಬಾಯಿಗೆ ಕರವಸ್ತ್ರ ಕಟ್ಟಿದವನೊಬ್ಬ ಇಳಿದು ಡ್ರಮ್ಮನ್ನು ಹಂದಿಗಳ ಬೆನ್ನ ಮೇಲೇ ಮಗುಚಿದ.

"ಎಂತ ನೋಡ್ತೀರಿ ಅಜ್ಜ? ನಿಮ್ಮ ಜಾಗವಾ?"

"ನನ್ನದಲ್ಲ."

"ಮತ್ತೆಂತ. ಹಂದಿಗಳಿಗೂ ಒಂದು ಹಬ್ಬ ಬೇಡವಾ?" ಅಂದು ನಕ್ಕು, ಕೈಯನ್ನು ಎಲೆಗೆ ಒರೆಸಿ ಹೋದ.

ಗುಡ್ಡ ಇಳಿದು ಇಬ್ಬರೂ ವಿನಾಯಕನ ಮನೆಗೆ ಹೋದರು. ಒಳ್ಳೇ ಮನೆ. ಅಂಗಳ ಸಗಣಿ ಸಾರಿಸಿ ಕನ್ನಡಿ ಹಾಗೆ ಇತ್ತು, ತುಳಸಿಕಟ್ಟೆಗೆ ಹೊಸ ಸುಣ್ಣ. ಹುಡುಗನ ತಾಯಿ ಗಂಗೆ ದುರ್ಗನ ಮೋರೆ ಕಂಡದ್ದೇ ಯಾಕೆ ಬಂದರೆಂದು ತಿಳಿದು, ಸೆರಗು ಸರಿ ಮಾಡಿಕೊಂಡು ತಾಮ್ರದ ಚೊಂಬಿನಲ್ಲಿ ನೀರು, ಬೆಲ್ಲ ತಂದಿಟ್ಟಳು. ದಾಸನ ನಾಲಗೆ ಅಂಗುಳಿಗೆ ಅಂಟಿತ್ತು. ಚೊಂಬು ಎತ್ತಿದ.

ಆಗ ಮನೆಯ ಬದಿಯಲ್ಲಿ ನಿಂತ ನೀಲಿ ಟೆಂಪೊ ಕಂಡಿತು. ಹಿಂದಿನ ಹಲಗೆಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ನೊಣ ಮುತ್ತಿದ್ದವು.

ಮಿಂದು, ಬಿಳಿ ಅಂಗಿ ಹಾಕಿ, ತಲೆ ಬಾಚಿ ವಿನಾಯಕ ಹೊರಗೆ ಬಂದ. "ಅಜ್ಜ, ನೀವಾ? ಒಂದು ಮಾತು ಹೇಳಿದ್ದರೆ ಟೆಂಪೊದಲ್ಲೇ ಕೂರಿಸಿಕೊಂಡು ಬರ್ತಿದ್ದೆ."

ದಾಸ ಚೊಂಬನ್ನು ಜಗಲಿಯ ಮೇಲೆ ಮೆಲ್ಲ ಇಟ್ಟ. "ನೀರು ಬೇಡ ತಂಗಿ."

ಗಂಗೆಯ ಮೋರೆ ಇಳಿಯಿತು. "ನಮ್ಮಿಂದ ಎಂತ ತಪ್ಪಾತು ಅಣ್ಣ?"

"ಮಗನನ್ನೇ ಕೇಳು. ಎಲ್ಲಿ ಸುರಿದು ಬಂದ ಅಂತ."

"ಅದಾ?" ಅಂದ ವಿನಾಯಕ. "ಎಲ್ಲ ಅಂಗಡಿಯವರೂ ಅಲ್ಲೇ ಹಾಕುವುದು. ಅಷ್ಟಕ್ಕೆಲ್ಲ ಹೆಣ್ಣು ಕೊಡುವುದಿಲ್ಲ ಅಂತಾದರೆ ಈ ಪೇಟೆಯಲ್ಲಿ ಯಾರಿಗೂ ಮದುವೆ ಆಗ್ಲಿಕ್ಕಿಲ್ಲ."

"ಇರಬಹುದು," ಅಂದ ದಾಸ. ಜಗಲಿಯಿಂದ ಇಳಿದು ಚಪ್ಪಲಿ ಹಾಕಿಕೊಂಡ.

ವಾಪಸು ಗುಡ್ಡ ಹತ್ತುವಾಗ ದುರ್ಗ ಸುಮ್ಮನಿರಲಿಲ್ಲ. "ಹುಡುಗ ಕುಡಿಯುವುದಿಲ್ಲ, ಬೀಡಿ ಮುಟ್ಟುವುದಿಲ್ಲ. ಹಂದಿ ತಿಂದದ್ದಕ್ಕೆ ನೀನು ಬಾಯಿ ಕಟ್ಟಿ ಎದ್ದೆ. ನನ್ನ ಮರ್ಯಾದೆ ಎಂತ ಆತು ಭಾವ?"

ದಾಸ ಆ ತಿರುವನ್ನು ಉಸಿರು ಬಿಗಿಹಿಡಿದು ದಾಟಿದ. ಇಳಿಜಾರಿನ ಕೆಳಗೆ, ಮೋರಿಯ ಹತ್ತಿರ ಫೋನು ಬಂತು. ಸುಚಿತಾ.

"ನೀರು ಕುಡಿದ್ಯಾ ಅಪ್ಪಾ?"

"ಇಲ್ಲ ಮಗಾ."

"ಯಾಕೆ?"

ದಾಸ ಹೇಳತೊಡಗಿದ. ನವಿಲಿನದು ಹೇಳಿದ. ಉಡದ ಬಾಯಿಂದ ನೇತಾಡುತ್ತಿದ್ದ ಕೊಟ್ಟೆಯ ಮಾತಿಗೆ ಬರುವಾಗ ಫೋನು ಕೈಯಲ್ಲಿ ಹಿಡಿದೇ ರಸ್ತೆ ಬದಿಗೆ ಬಗ್ಗಿ ಕಾರಿಕೊಂಡ. ಬೆಳಗ್ಗೆ ಕುಡಿದ ಗಂಜಿಯೂ ಉಳಿಯಲಿಲ್ಲ. ಆಚೆಯಿಂದ ಸುಚಿತಾ ಅಪ್ಪಾ, ಅಪ್ಪಾ ಅನ್ನುತ್ತಲೇ ಇದ್ದಳು.

"ಆತು," ಅಂದಳು ಕಡೆಗೆ. ದನಿ ಒದ್ದೆಯಾಗಿತ್ತು. "ಅವನು ಬೇಡ. ನೀನು ಬಾಯಿ ತೊಳೆದುಕೊಂಡು ನಿಧಾನ ಬಾ."

ಮೋರಿಯ ಕೆಳಗೆ ಹಳ್ಳ ಹರಿಯುತ್ತಿತ್ತು. ದಾಸ ಇಳಿದು ಬೊಗಸೆ ಒಡ್ಡಿದ. ಮೇಲಿನ ತಿರುವಿನಿಂದ ಬರುವ ನೀರು. ಮುಷ್ಟಿಯಷ್ಟು ಬಿಳಿ ಪುಕ್ಕ ತೇಲಿಕೊಂಡು ಬಂದು ಬೆರಳಿಗೆ ಅಂಟಿತು. ಅವನು ಕೈ ಕೊಡವಿ, ಮಣ್ಣಿಗೆ ತಿಕ್ಕಿ ಒರೆಸಿ, ಬಾಯಿಯ ಹುಳಿಯನ್ನು ಬಾಯಲ್ಲೇ ಇಟ್ಟುಕೊಂಡು ಸೈಕಲ್ ಹತ್ತಿದ.